ಮೋಟಾರು ಸೈಕಲ್ಲಿಗೆ ಮುನ್ನ ಒಂದು ಪರೀಕ್ಷೆ

ಗಾಂಧಿಬಜಾರಿನಲ್ಲಿ ಗೌರೀಹಬ್ಬದ ಹಿಂದಿನ ಸಂಜೆ ಅರ್ಧ ಗಂಟೆ ನಿಂತವರಿಗೆ, ಎರಡು ಚಕ್ರದ ಗಾಡಿಯೊಂದು ಏನೇನನ್ನು ಹೊರಬಲ್ಲುದೆಂಬುದು ಚೆನ್ನಾಗಿ ಮನದಟ್ಟಾಗುತ್ತದೆ. ಯಜಮಾನನ ಮೊಣಕಾಲುಗಳ ನಡುವೆ ನಿಂತ ಒಂದು ಮಗು, ಅವನ ಬೆನ್ನಿಗೆ ಆತುಕೊಂಡ ಇನ್ನೊಂದು ಮಗು, ಅದರ ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಗೃಹಿಣಿ, ಆಕೆಯ ಮಡಿಲಲ್ಲಿ ಬಾಗಿನದ ಮೊರಗಳು, ಮೊರಗಳ ಮೇಲೆ ಸೇವಂತಿಗೆಯ ಪೊಟ್ಟಣ, ಇವೆಲ್ಲಕ್ಕೂ ಮೇಲೆ ಬಾವುಟದಂತೆ ತಲೆಯೆತ್ತಿದ ಎರಡು ಬಾಳೆಕಂದು. ಹೀಗೆ ಸಾಗುವ ಯಜಮಾನನೂ ಒಂದಾನೊಂದು ದಿನ ಪರೀಕ್ಷೆಗೆ ಕುಳಿತವನೇ. ಮೋಟಾರು ಸೈಕಲ್ಲಿನ ಹಿಂದೆ ಎಷ್ಟು ಮಂದಿಯನ್ನು ಕೂರಿಸಿಕೊಳ್ಳಬಹುದೆಂಬ ಪ್ರಶ್ನೆಗೆ ‘ಒಬ್ಬರನ್ನು ಮಾತ್ರ’ ಎಂದು ಸರಿಯಾದ ಉತ್ತರವನ್ನೇ ಕೊಟ್ಟು, ಅಂಕ ಪಡೆದು, ಲೈಸೆನ್ಸನ್ನು ಜೇಬಿಗಿಳಿಸಿದವನೇ.

ಈ ಪರೀಕ್ಷೆಯನ್ನು ದೊಡ್ಡದೆಂದು ಯಾರೂ ಭಾವಿಸುವುದಿಲ್ಲ. ಮಕ್ಕಳ ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂದಿತೆಂದರೆ ಮನೆಮಂದಿಯೆಲ್ಲ ಬೆಳಗಿನ ಜಾವಕ್ಕೆದ್ದು ಕಾಫಿ ಕಾಯಿಸುವ ಬಡಾವಣೆಗಳಿವು. ಹೊಸ ಗಾಡಿ ಬಂದ ದಿನವೂ ದೊಡ್ಡ ಗಣಪತಿಯ ಸನ್ನಿಧಿಯಲ್ಲಿ ಪೂಜೆ ತಪ್ಪುವುದಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲಿಗೆ ಹೂಮಾಲೆ ಎಲ್ಲವೂ ಉಂಟು. ಆದರೆ ಗಾಡಿಗೂ ಓಡಿಸುವವನಿಗೂ ನಡುವೆ ನಿಂತಿರುವ ಕಲಿಕಾ ಲೈಸೆನ್ಸಿನ ಪರೀಕ್ಷೆಗೆ ಮಾತ್ರ ಹಿಂದಿನ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ದೊರೆತರೆ ಅದೇ ಹೆಚ್ಚು.

ಕಾನೂನು ಇದನ್ನು ಅಷ್ಟು ಹಗುರವಾಗಿ ಕಂಡಿಲ್ಲ. 1939ರ ಮೋಟಾರು ವಾಹನಗಳ ಕಾಯಿದೆಯ ಸ್ಥಾನದಲ್ಲಿ ಬಂದ 1988ರ ಕಾಯಿದೆ, ಅದರ ಬೆನ್ನಿಗೆ 1989ರಲ್ಲಿ ಬಂದ ಕೇಂದ್ರ ಮೋಟಾರು ವಾಹನಗಳ ನಿಯಮಗಳು, ಇವೆರಡೂ ಸೇರಿ ಕಲಿಯುವವನಿಗೆ ಮೊದಲೇ ಏನು ಗೊತ್ತಿರಬೇಕೆಂಬುದನ್ನು ಗೊತ್ತುಪಡಿಸಿವೆ. ನಿಯಮಗಳಲ್ಲಿ ಹನ್ನೊಂದನೆಯದರ ಪ್ರಕಾರ ಸಂಚಾರದ ಚಿಹ್ನೆಗಳು, ಸಂಕೇತಗಳು, ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟನ್ನು ದಾಟುವಾಗಿನ ಎಚ್ಚರ, ಗಾಡಿಯಲ್ಲಿ ಇಟ್ಟುಕೊಂಡಿರಬೇಕಾದ ಕಾಗದಪತ್ರಗಳು, ಇಷ್ಟರ ಮೇಲೆ ಪ್ರಶ್ನೆಗಳು ಬರುತ್ತವೆ. ನೂರಕ್ಕೆ 60ರಷ್ಟು ಉತ್ತರ ಸರಿಯಿದ್ದರೆ ತೇರ್ಗಡೆ. ಪರೀಕ್ಷೆಯನ್ನು ಕನ್ನಡದಲ್ಲಿಯೇ ಎದುರಿಸಬಹುದು. ದೊರೆಯುವ ಕಲಿಕಾ ಲೈಸೆನ್ಸು 6 ತಿಂಗಳ ಕಾಲ ಸಿಂಧು. ಕನಿಷ್ಠ 30 ದಿನ ಕಲಿತಲ್ಲದೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗುವಂತಿಲ್ಲ.

ಇನ್ನು ಬಸವನಗುಡಿಯ ಹಳೆಯ ಮನೆಯೊಂದನ್ನು ವಾಚಕರು ಕಣ್ಮುಂದೆ ತಂದುಕೊಳ್ಳಬಹುದು. ಇಂಥ ಮನೆಗಳು ಅಲ್ಲಿ ಇನ್ನೂ ಕೆಲವು ಉಳಿದಿವೆ: ಮುಂದೆ ಜಗಲಿ, ಪಕ್ಕದಲ್ಲಿ ಸಂಪಿಗೆ ಮರ, ಕಾಂಪೌಂಡಿನ ಮೂಲೆಯಲ್ಲಿ ತಗಡಿನ ಮಾಡು. ಮಾಡಿನ ಕೆಳಗೆ ಟಾರ್ಪಾಲು ಹೊದ್ದ ಜಾವಾ ಮೋಟಾರು ಸೈಕಲ್ಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿ, ಮುಂದೆ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಈ ಸೀಮೆಯ ತರುಣರ ಕನಸಾಗಿದ್ದ ಗಾಡಿಯ ಮನೆತನ ಅದು. ಜಗಲಿಯ ಮೇಲೆ ಕುಳಿತ ತಾತನಿಗೆ ಈಗ 78 ವರ್ಷ. ಲೈಸೆನ್ಸು ಪಡೆದದ್ದು 1967ರಲ್ಲಿ. ಹದಿನೆಂಟು ತುಂಬಿದ ಮೊಮ್ಮಗಳು ಪುಸ್ತಕ ಹಿಡಿದು ಎದುರಿಗೆ ಕುಳಿತಿದ್ದಾಳೆ. ತನಗಿಂತ ಚೆನ್ನಾಗಿ ಪಾಠ ಹೇಳಬಲ್ಲವರು ಈ ಬೀದಿಯಲ್ಲೇ ಇಲ್ಲವೆಂದು ತಾತನ ನಂಬಿಕೆ.

“ನಮ್ಮ ಕಾಲದಲ್ಲಿ ಪುಸ್ತಕವೂ ಇಲ್ಲ, ಗಿಸ್ತಕವೂ ಇಲ್ಲ ಪುಟ್ಟಿ. ಇನ್ಸ್‌ಪೆಕ್ಟರು ಗೋಡೆ ಮೇಲಿನ ಪಟ ತೋರಿಸಿ ಕೇಳೋರು, ನಾವು ಹೇಳೋರು. ಕೇಳು, ಚಿಹ್ನೆಗಳಲ್ಲಿ ಮೂರು ಜಾತಿ. ಗುಂಡಗಿರೋದು ಮನೆ ಯಜಮಾನನ ಆಜ್ಞೆ. ಮೀರಿದರೆ ಶಿಕ್ಷೆ. ಮೂರು ಮೂಲೆಯದು ನಿಮ್ಮಜ್ಜಿ ಇದ್ದ ಹಾಗೆ, ‘ಮುಂದೆ ತಿರುವಿದೆ, ಜೋಪಾನ’ ಅಂತ ಎಚ್ಚರಿಕೆ ಹೇಳುತ್ತೆ. ನಾಲ್ಕು ಮೂಲೆಯದು ಎದುರುಮನೆಯವರು. ಆಸ್ಪತ್ರೆ ಎಲ್ಲಿ, ಪೆಟ್ರೋಲು ಎಲ್ಲಿ, ಬರೀ ಸುದ್ದಿ.”

ಈ ಪಾಠಕ್ಕಿಂತ ಸೊಗಸಾದ ಪಾಠವನ್ನು ಯಾವ ಡ್ರೈವಿಂಗ್ ಸ್ಕೂಲೂ ಹೇಳಲಾರದು. ಅದರಲ್ಲಿ ತಪ್ಪೂ ಇಲ್ಲ. ವೃತ್ತದ ಚಿಹ್ನೆಗಳು ಕಡ್ಡಾಯದವು. ಅವುಗಳಲ್ಲಿ ಕೆಂಪು ಅಂಚಿನವು ಬಹುಮಟ್ಟಿಗೆ ‘ಕೂಡದು’ ಎನ್ನುತ್ತವೆ, ನೀಲಿಯವು ‘ಹೀಗೆಯೇ ಮಾಡು’ ಎನ್ನುತ್ತವೆ. ಕೆಂಪು ಅಂಚಿನೊಳಗೆ ಗೀಟು ಎಳೆದ ಕಹಳೆಯಿದ್ದರೆ ಹಾರನ್ನು ಒತ್ತಬಾರದು. ನೀಲಿಯ ಮೇಲೆ ಕಹಳೆಯಿದ್ದರೆ ಒತ್ತಲೇಬೇಕು. ಪರೀಕ್ಷೆಗೆ ಕುಳಿತವರು ಎಡವುವುದು ಇಂಥಲ್ಲಿಯೇ. ನೀಲಿ ವೃತ್ತಕ್ಕೆ ಕೆಂಪು ಅಂಚಿದ್ದು ಒಂದು ಓರೆ ಗೀಟಿದ್ದರೆ ಗಾಡಿಯನ್ನು ಬಿಟ್ಟು ಹೋಗಬಾರದು. ಎರಡು ಗೀಟುಗಳು ಅಡ್ಡಡ್ಡ ಹಾಯ್ದಿದ್ದರೆ ಅರೆಕ್ಷಣ ನಿಲ್ಲಿಸಲೂ ಬಾರದು. ಮೂರು ಜಾತಿಗೂ ಸೇರದ ಎರಡು ಚಿಹ್ನೆಗಳುಂಟು: ‘ನಿಲ್ಲು’ ಎಂಬುದಕ್ಕೆ ಎಂಟು ಮೂಲೆ, ‘ದಾರಿ ಬಿಡು’ ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಮಣ್ಣು ಮೆತ್ತಿ ಅಕ್ಷರ ಅಳಿಸಿದ್ದರೂ, ಭಾಷೆ ಬಾರದಿದ್ದರೂ, ಕೇವಲ ಆಕಾರದಿಂದಲೇ ಗುರುತು ಸಿಗಲೆಂದು ಈ ಏರ್ಪಾಟು.

ತಾತನಿಗೆ ಸಂಕಟ ಬಂದದ್ದು ಮುಂದಿನ ಪುಟದಲ್ಲಿ.

“ಪೋಲೀಸರಾಗಲಿ ದೀಪವಾಗಲಿ ಇಲ್ಲದ ಕೂಡುರಸ್ತೆ. ನೀನು ಬರ್ತಿದ್ದೀಯ. ಬಲಗಡೆಯಿಂದ ಇನ್ನೊಂದು ಗಾಡಿ ಬರ್ತಿದೆ. ಯಾರು ಮೊದಲು ಹೋಗಬೇಕು ತಾತ?”

“ನಾನು ಹಾರನ್ ಹೊಡೆದು ಹೋಗ್ತೀನಿ.”

“ಅದು ಉತ್ತರ ಅಲ್ಲ. ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು.”

“ಯಾರು ಹೇಳಿದ್ದು? ಐವತ್ತು ವರ್ಷದಿಂದ ನಾನು ಹೀಗೇ ಹೋಗ್ತಿದ್ದೀನಿ.”

ತಾತ ಒಬ್ಬರನ್ನೇ ಅಂದು ಪ್ರಯೋಜನವಿಲ್ಲ. ಚಾಮರಾಜಪೇಟೆಯೂ ಬಸವನಗುಡಿಯೂ ಮಲ್ಲೇಶ್ವರವೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಕ್ಷೆ ಬರೆದು, ನೂಲು ಹಿಡಿದು ಕಟ್ಟಿದ ಬಡಾವಣೆಗಳು. 1898ರ ಪ್ಲೇಗು ಹಳೆಯ ಪೇಟೆಯ ಜನರನ್ನು ಇಂಥ ಅಗಲ ಬೀದಿಗಳತ್ತ ಅಟ್ಟಿತು. ಮೇನ್ ರಸ್ತೆಗಳು ಉದ್ದಕ್ಕೆ, ಕ್ರಾಸ್ ರಸ್ತೆಗಳು ಅಡ್ಡಕ್ಕೆ. ಚದುರಂಗದ ಹಾಸಿನಂತೆ ಹೆಜ್ಜೆ ಹೆಜ್ಜೆಗೂ ಒಂದು ಕೂಡುರಸ್ತೆ. ಗಾಳಿ ಬೆಳಕಿಗೆಂದು, ಜಟಕಾ ಎತ್ತಿನಗಾಡಿಗಳ ಓಡಾಟಕ್ಕೆಂದು ಮಾಡಿದ ಈ ಹಾಸಿನ ಮೇಲೆ ಇಂದು ಸ್ಕೂಟರು, ಆಟೋ, ಸಾಮಾನು ತಲುಪಿಸುವ ಹುಡುಗರ ಗಾಡಿ, ಶಾಲೆಯ ವ್ಯಾನು ನಾಲ್ಕು ದಿಕ್ಕಿನಿಂದಲೂ ಬಂದು ಸೇರುತ್ತವೆ. ದೀಪವಿರುವ ಕೂಡುರಸ್ತೆಗಳು ಬೆರಳೆಣಿಕೆಯವು; ಉಳಿದೆಡೆ ಕಾನೂನಿನ ಒಂದು ಸಾಲನ್ನು ಬಿಟ್ಟರೆ ಬೇರೆ ಕಾವಲುಗಾರನಿಲ್ಲ. ಆ ಒಂದು ಸಾಲನ್ನು ಬಲ್ಲವರು ಎಷ್ಟು ಮಂದಿಯೋ! ‘ಬಲಗಡೆಯವನಿಗೆ ದಾರಿ’ ಎಂಬುದನ್ನು ಅಂಕಕ್ಕಾಗಿ ಕಲಿತು ಮರೆತ ಇಬ್ಬರು ಚಾಮರಾಜಪೇಟೆಯ ಒಂದು ಮೂಲೆಯಲ್ಲಿ ಏಕಕಾಲಕ್ಕೆ ಹಾರನ್ ಒತ್ತಿ ನುಗ್ಗಿದರೆ ಏನಾಗುವುದೆಂಬುದನ್ನು ಅಲ್ಲಿಯ ಅಂಗಡಿಯವರು ಪುಸ್ತಕ ತೆರೆಯದೆಯೇ ಹೇಳಬಲ್ಲರು. ವೃತ್ತಗಳದ್ದೂ ಇದೇ ಕಥೆ. ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು, ಹೊರಗಿನಿಂದ ಬರುವವನು ಕಾಯಬೇಕು ಎಂಬುದನ್ನು 2017ರ ಚಾಲನಾ ನಿಬಂಧನೆಗಳು ಸ್ಪಷ್ಟವಾಗಿ ಹೇಳಿವೆ.

ಕೈಸನ್ನೆಗಳ ಪುಟ ಬಂದಾಗ ತಾತನಿಗೆ ಹೋದ ಮಾನ ಮರಳಿತು. ಹಳೆಯ ಜಾವಾದಲ್ಲಿ ತಿರುಗುವ ದಿಕ್ಕು ತೋರಿಸುವ ದೀಪಗಳಿರಲಿಲ್ಲ, ಕೈಯೇ ದೀಪ. ಬಲಗೈಯನ್ನು ನೇರ ಚಾಚಿದರೆ ಬಲಕ್ಕೆ, ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿದರೆ ಎಡಕ್ಕೆ, ಅಂಗೈ ಕೆಳಗೆ ಮಾಡಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ವೇಗ ತಗ್ಗಿಸುತ್ತಿದ್ದೇನೆಂದು, ಮುಂಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದರೆ ನಿಲ್ಲಿಸುತ್ತಿದ್ದೇನೆಂದು. ತಾತ ಜಗಲಿಯ ಮೇಲೆ ಕುಳಿತಲ್ಲಿಂದಲೇ ನಾಲ್ಕನ್ನೂ ಆಡಿ ತೋರಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ತನ್ನನ್ನೇ ಕರೆದರೆಂದು ನಿಂತಳು. ಮೋಟಾರು ಸೈಕಲ್ಲಿನವನಿಗೆ ಇದರಲ್ಲೊಂದು ತೊಡಕುಂಟು. ವೇಗ ಕೊಡುವ ಹಿಡಿಯೂ ಮುಂಚಕ್ರದ ಬ್ರೇಕೂ ಬಲಗೈಯಲ್ಲಿಯೇ ಇರುವುದರಿಂದ, ಸನ್ನೆ ಮಾಡುವ ಹೊತ್ತಿಗೆ ಎರಡನ್ನೂ ಬಿಡಬೇಕಾಗುತ್ತದೆ. ಹಾಗಾಗಿ ಸನ್ನೆಯನ್ನು ತಿರುವಿನಲ್ಲಿ ಅಲ್ಲ, ತಿರುವಿಗೆ ಬಹಳ ಮುಂಚೆಯೇ ಕೊಟ್ಟು ಮುಗಿಸಬೇಕು. ಈ ಸೂಕ್ಷ್ಮ ಯಾವ ಪ್ರಶ್ನೆಯಲ್ಲಿಯೂ ಇಲ್ಲ. ಮೊಮ್ಮಗಳು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಪ್ರಶ್ನೆಗಳಲ್ಲಿ ಕೆಲವು ಬಾಯಿಪಾಠದವು, ಕೆಲವು ನಗೆಪಾಟಲಿನವು. ಮೂರು ಉತ್ತರಗಳಲ್ಲಿ ಎರಡು ಎಷ್ಟು ಪೆದ್ದಾಗಿರುತ್ತವೆಂದರೆ ಮಗುವೂ ಸರಿಯಾದುದನ್ನು ಆರಿಸಬಲ್ಲುದು. ಆದರೆ ನಡುನಡುವೆ ತಡೆದು ನಿಲ್ಲಿಸುವಂಥವೂ ಬರುತ್ತವೆ. ಬಿಳಿಯ ಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟುತ್ತಿದ್ದಾರೆ, ಚಾಲಕನೇನು ಮಾಡಬೇಕು? ಆ ಕೋಲನ್ನೇ ‘ನಿಲ್ಲು’ ಎಂಬ ಸಂಚಾರ ಚಿಹ್ನೆಯೆಂದು ತಿಳಿಯಬೇಕು. ಸರ್ಕಾರ ನೆಟ್ಟ ಕಂಬವಿಲ್ಲ, ಬಣ್ಣದ ಫಲಕವಿಲ್ಲ. ಒಬ್ಬ ಮನುಷ್ಯ ಕೈಯಲ್ಲಿ ಹಿಡಿದ ಕೋಲಿಗೆ ಕೆಂಪು ದೀಪದ ಅಧಿಕಾರ. ಕಿರಿದಾದ ಸೇತುವೆಯನ್ನು ಎದುರಿನಿಂದ ಇನ್ನೊಬ್ಬ ಪ್ರವೇಶಿಸುತ್ತಿದ್ದರೆ? ಅವನು ದಾಟುವವರೆಗೆ ಕಾಯಬೇಕು. ಗುಡ್ಡದ ಹಾದಿಯಲ್ಲಿ ಎದುರಾದರೆ? ಏರುವವನಿಗೆ ದಾರಿ. ಹಳದಿ ದೀಪ ಹತ್ತಿದರೆ? ಗೆರೆ ದಾಟದವನು ನಿಲ್ಲಬೇಕು. ಇದಕ್ಕೆ ಬೆಂಗಳೂರಿನ ರೂಢಿಯ ಉತ್ತರವೇ ಬೇರೆಯೆಂಬುದನ್ನು ಮಿನರ್ವ ವೃತ್ತದಲ್ಲಿ ಒಂದು ಗಳಿಗೆ ನಿಂತವರೆಲ್ಲ ಬಲ್ಲರು. ಕೆಂಪು ತಟ್ಟೆಯ ನಡುವೆ ಬಿಳಿಯ ಅಡ್ಡಪಟ್ಟಿಯಿದ್ದರೆ ಪ್ರವೇಶವಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ಏಕಮುಖ ಸಂಚಾರಕ್ಕೆ ಎದುರಾಗಿ ‘ಇಷ್ಟು ದೂರ ತಾನೆ’ ಎಂದು ಫುಟ್‌ಪಾತಿನಂಚಿಗೆ ನುಸುಳುವ ಸ್ಕೂಟರಿನವರಿಗೂ ಆ ತಟ್ಟೆಯ ಅರ್ಥ ಗೊತ್ತಿದೆ.

ಅಪಘಾತದ ಪ್ರಶ್ನೆ ಬರುವುದು ಸಾಮಾನ್ಯವಾಗಿ ಪುಸ್ತಕದ ಕಡೆಯ ಪುಟಗಳಲ್ಲಿ. ನಿನ್ನ ವಾಹನದಿಂದ ಒಬ್ಬರಿಗೆ ಪೆಟ್ಟಾಗಿದೆ, ಏನು ಮಾಡುವೆ? ಕಾಯಿದೆಯ 134ನೆಯ ಪ್ರಕರಣ ಹೇಳುವುದು ಇಷ್ಟು: ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸಬೇಕು, ಅಗತ್ಯವಿದ್ದರೆ ಹತ್ತಿರದ ವೈದ್ಯರಲ್ಲಿಗೋ ಆಸ್ಪತ್ರೆಗೋ ಸಾಗಿಸಬೇಕು, ರೊಚ್ಚಿಗೆದ್ದ ಗುಂಪಿನಂಥ ತಡೆಯಿದ್ದರೆ ಮಾತ್ರ ವಿನಾಯಿತಿ. ಪೋಲೀಸು ಠಾಣೆಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ವರದಿ ಕೊಡಬೇಕು. ಇನ್ನು ದಾರಿಹೋಕರು? ಅವರಿಗೆ ಹಿಂದೆ ಇದ್ದದ್ದು ಭಯವೊಂದೇ: ನೆರವಿಗೆ ಹೋದರೆ ಸಾಕ್ಷಿಗೆಂದು ಎಳೆದಾಡುತ್ತಾರೆ, ಆಸ್ಪತ್ರೆಯಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ಮೋಟಾರು ಸೈಕಲ್ಲಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ತರುಣರಿಗೆ ಲಾರಿ ಹಾಯ್ದು ಅವರ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲಿಯೂ ಅವರು ತಮ್ಮ ಅಂಗಗಳನ್ನು ದಾನ ಮಾಡಿರೆಂದು ಸುತ್ತಲಿದ್ದವರನ್ನು ಬೇಡಿಕೊಂಡರು. ಅವರು ಉಳಿಯಲಿಲ್ಲ, ಅವರ ಕಣ್ಣುಗಳು ದಾನವಾದವು. ಮರುತಿಂಗಳು ರಾಜ್ಯ ಸರ್ಕಾರ ಆರಂಭಿಸಿದ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ ಒದಗಿಸುವ ಯೋಜನೆಗೆ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ಎಂದೇ ಹೆಸರಾಯಿತು. ನೆರವಿಗೆ ಬಂದವರನ್ನು ಕಾಪಾಡುವ ಕಾಯಿದೆಯನ್ನು ಕರ್ನಾಟಕ ಅದೇ ವರ್ಷ ರೂಪಿಸಿತು. 2019ರ ತಿದ್ದುಪಡಿಯಿಂದ ಇಡೀ ದೇಶದ ಮೋಟಾರು ಕಾಯಿದೆಗೆ ಆ ರಕ್ಷಣೆ ಸೇರಿತು. ಹೀಗೆ ಪರೀಕ್ಷೆಯಲ್ಲಿ ಒಂದು ಅಂಕದ್ದೆಂದು ಕಾಣುವ ಪ್ರಶ್ನೆಯ ಬೆನ್ನಿಗೆ ನೆಲಮಂಗಲದ ರಸ್ತೆಯಿದೆ. ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಎರಡು ಚಕ್ರದ ಗಾಡಿಗಳಲ್ಲಿದ್ದವರು. ಕರ್ನಾಟಕದಲ್ಲಿ ಹಿಂದೆ ಕುಳಿತವರೂ ಹೆಲ್ಮೆಟ್ಟು ಧರಿಸಲೇಬೇಕೆಂಬ ಕಟ್ಟಳೆ ಬಿಗಿಯಾದದ್ದು 2016ರ ಜನವರಿಯಲ್ಲಿ. ಮುಡಿದ ಮಲ್ಲಿಗೆ ಬಾಡುವುದೆಂಬ ಆಕ್ಷೇಪಣೆ ಅಂದು ಬಸವನಗುಡಿಯಲ್ಲಿ ಕೇಳಿಬರದಿದ್ದರೆ ಅದೇ ಆಶ್ಚರ್ಯ.

ಪರೀಕ್ಷೆಯ ರೀತಿಯೂ ಬದಲಾಗಿದೆ. ಇನ್ಸ್‌ಪೆಕ್ಟರರ ಮುಂದೆ ನಿಂತು ಹೇಳುವುದು ಹೋಗಿ ಕಚೇರಿಯ ಕಂಪ್ಯೂಟರು ಬಂದಿತು. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ಗುರುತಿನ ಮೇಲೆ ಕಚೇರಿಗೆ ಹೋಗದೆಯೇ ಸೇವೆ ಪಡೆಯುವ ಅವಕಾಶ ಕೊಟ್ಟ ಮೇಲೆ, ಮನೆಯಲ್ಲಿ ಕುಳಿತೇ ಪರೀಕ್ಷೆ ಬರೆಯುವುದು ಸಾಧ್ಯವಾಯಿತು. ಕ್ಯಾಮೆರಾ ಮುಖವನ್ನು ನೋಡುತ್ತಿರುತ್ತದೆ, ಕಿವಿಯನ್ನು ನೋಡಬಲ್ಲುದೆ? ಬಾಗಿಲ ಮರೆಯಲ್ಲಿ ನಿಂತ ಅಣ್ಣ ‘ಎರಡನೆಯದು, ಎರಡನೆಯದು’ ಎಂದು ಪಿಸುಗುಟ್ಟಿದರೆ ಅಂಕ ಬರುವುದೇನೋ ನಿಜ. ಕೂಡುರಸ್ತೆಯಲ್ಲಿ ಆ ಅಣ್ಣ ಜೊತೆಗಿರುವುದಿಲ್ಲ. ಜಯನಗರದ ಸಾರಿಗೆ ಕಚೇರಿಯ ಸಾಲಿನಲ್ಲಿ ಅರ್ಧ ದಿನ ನಿಲ್ಲುವ ಕಷ್ಟ ತಪ್ಪಿದ್ದು ಒಳ್ಳೆಯದೇ. ಆದರೆ ಸುಲಭವಾದಷ್ಟೂ ಓದುವ ಹೊಣೆ ಓದುವವರ ಮೇಲೆಯೇ ಹೆಚ್ಚಾಗಿ ಬಿದ್ದಿದೆ.

ತಂದೆತಾಯಂದಿರ ಹೊಣೆಯದು ಇನ್ನೊಂದು ಬಗೆ. ಹದಿನಾರು ತುಂಬಿದವರಿಗೆ 50 ಸಿ.ಸಿ. ಮೀರದ ಮೋಟಾರು ಸೈಕಲ್ಲಿಗೆ, ಹಿರಿಯರ ಒಪ್ಪಿಗೆಯಿದ್ದರೆ, ಲೈಸೆನ್ಸು ಕೊಡಬಹುದೆಂಬ ಮಾತು ಕಾಯಿದೆಯಲ್ಲಿ ಉಂಟು. ಲೂನಾ, ಟಿ.ವಿ.ಎಸ್. 50 ಓಡುತ್ತಿದ್ದ ಕಾಲಕ್ಕೆ ಅದಕ್ಕೆ ಅರ್ಥವಿದ್ದಿತು. ಇಂದು ಕಾಲೇಜು ಮೆಟ್ಟಿಲಿನ ಮುಂದೆ ನಿಲ್ಲುವ ಸಾಧಾರಣ ಪೆಟ್ರೋಲು ಸ್ಕೂಟರುಗಳೆಲ್ಲ 100 ಸಿ.ಸಿ.ಗಿಂತ ಮೇಲಿನವು. ‘ನಾಲ್ಕು ಹೆಜ್ಜೆ ತಾನೆ, ಟ್ಯೂಷನ್ನಿಗೆ ಹೋಗಿ ಬರಲಿ’ ಎಂದು ಬೀಗದ ಕೈ ಕೊಡುವ ತಂದೆಗೆ, 2019ರ ತಿದ್ದುಪಡಿ 3 ವರ್ಷದವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ಇಟ್ಟಿದೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ.

ಬಸವನಗುಡಿಯ ಜಗಲಿಗೆ ಮರಳಿದರೆ, ಮೊಮ್ಮಗಳು ಅರ್ಜಿಯ ಆರೋಗ್ಯದ ಭಾಗಕ್ಕೆ ಬಂದಿದ್ದಾಳೆ. ಅಪಸ್ಮಾರವಿದೆಯೆ, ಇರುಳುಗುರುಡು ಇದೆಯೆ, ಸಾಮಾನ್ಯ ಶಬ್ದ ಕಿವಿಗೆ ಕೇಳುವುದೆ ಎಂದು ಅದು ವಿಚಾರಿಸುತ್ತದೆ. ಹಗಲ ಬೆಳಕಿನಲ್ಲಿ, ಕನ್ನಡಕ ಹಾಕುವವರು ಹಾಕಿಕೊಂಡೇ, 25 ಮೀಟರು ದೂರದಿಂದ ಕಾರಿನ ನಂಬರು ಫಲಕವನ್ನು ಓದಬಲ್ಲಿರಾ? ಸುಮ್ಮನೆ ‘ಹೌದು’ ಎಂದು ಗುರುತು ಹಾಕಿ ಮುಂದಕ್ಕೆ ಹೋಗುವವರೇ ಎಲ್ಲರೂ. ಈಕೆ ಹಾಗೆ ಮಾಡಲಿಲ್ಲ. ಗೇಟಿನಿಂದ ಬೀದಿಯುದ್ದಕ್ಕೆ ಹೆಜ್ಜೆಯಿಟ್ಟು ಅಳೆದು, ದೂರದಲ್ಲಿ ನಿಂತಿದ್ದ ಕಾರಿನ ನಂಬರನ್ನು ಗಟ್ಟಿಯಾಗಿ ಓದಿದಳು.

“ಈಗ ನೀನು ಓದು ತಾತ.”

“ಕೆ.ಎ. 05...” ಎಂದು ತಾತ ಶುರುಮಾಡಿದರು. ಜಯನಗರದ ಕಚೇರಿಯ ಆ ಗುರುತು ಬೀದಿಯ ಅರ್ಧಕ್ಕರ್ಧ ಗಾಡಿಗಳ ಮೇಲಿದೆ. ಅದಕ್ಕೆ ಕಣ್ಣು ಬೇಕಿಲ್ಲ. ಮುಂದಿನ ಅಕ್ಷರಗಳ ಹತ್ತಿರ ಮಾತು ನಿಂತಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮೂರು ಎಂದದ್ದು ಎಂಟಾಗಿತ್ತು; ಕಡೆಯ ಅಂಕಿ ಅವರಿಗೆ ಕಾಣಿಸಲೇ ಇಲ್ಲ. ಮೊಮ್ಮಗಳು ಏನನ್ನೂ ಹೇಳಲಿಲ್ಲ. 55 ದಾಟಿದವರ ಲೈಸೆನ್ಸನ್ನು ಒಂದು ಸಲಕ್ಕೆ 5 ವರ್ಷ ಮಾತ್ರ ಮುಂದುವರಿಸುತ್ತಾರೆ, ಅದಕ್ಕೂ ವೈದ್ಯರ ಪ್ರಮಾಣಪತ್ರ ಬೇಕು. ತಾತನ ಲೈಸೆನ್ಸಿನ ಅವಧಿ ತೀರಲು ಇನ್ನೆರಡು ತಿಂಗಳು ಇತ್ತು. ಪ್ರತಿ ಬೆಳಗ್ಗೆ ಅವರು ಸ್ಕೂಟರಿನಲ್ಲಿಯೇ ತರಕಾರಿ ತರುತ್ತಿದ್ದುದು.

ಆ ಸಂಜೆ ಸ್ಕೂಟರಿನ ಬೀಗದ ಕೈ ತಾತನ ಜೇಬಿನಿಂದ ಹೊರಬಂದು ದೇವರ ಮನೆಯ ಪಕ್ಕದ ಮೊಳೆಗೆ ಸೇರಿತು. ಮರುದಿನ ತರಕಾರಿಗೆ ಅವರು ನಡೆದೇ ಹೋದರು. ಮೊಣಕಾಲು ನೋವೆಂದು ಯಾರೊಂದಿಗೂ ಅನ್ನಲಿಲ್ಲ.

ಮೊಮ್ಮಗಳು ತೇರ್ಗಡೆಯಾದಳು. ಕಲಿಯುವವರ ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಚೌಕದ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಚೌಕ 18 ಸೆಂಟಿಮೀಟರು, ಅಕ್ಷರದ ಎತ್ತರ 10 ಸೆಂಟಿಮೀಟರು. ಅಂಗಡಿಯಲ್ಲಿ ಅಂಟಿಸುವ ಚೀಟಿ ಸಿಗುತ್ತದೆಂದರೂ ಕೇಳದೆ ತಾತ ರಟ್ಟು ಕತ್ತರಿಸಿ, ಸ್ಕೇಲಿಟ್ಟು ಗೆರೆ ಎಳೆದು, ಮೂಗನ್ನು ರಟ್ಟಿಗೆ ತಾಗಿಸಿಕೊಂಡು ಬಣ್ಣ ತುಂಬುತ್ತಿದ್ದಾಗ ಆಕೆ ನಿಯಮದ ಇನ್ನೊಂದು ಸಾಲನ್ನು ಓದಿ ಹೇಳಿದಳು: ಕಲಿಯುವವರ ಮೋಟಾರು ಸೈಕಲ್ಲಿನ ಹಿಂದೆ ಕಲಿಸುವವರ ಹೊರತು ಯಾರೂ ಕೂರುವಂತಿಲ್ಲ, ಕಲಿಸುವವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸು ಇರಬೇಕು.

“ನಮ್ಮನೇಲಿ ಗೇರಿನ ಗಾಡಿಗೆ ಲೈಸೆನ್ಸು ಇರೋದು ನಿನಗೊಬ್ಬನಿಗೇ ತಾತ. ಜಾವಾ ಯಾರು ಹೇಳಿಕೊಡ್ತಾರೆ?”

ತಾತ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು.

“ಆ ಕಣ್ಣಿನ ಡಾಕ್ಟರು ಯಾವಾಗ ಸಿಗ್ತಾರೆ ಅಂತ ಫೋನು ಮಾಡಿ ಕೇಳು. ಬೆಳಗ್ಗೆ ಹೊತ್ತು ಆದ್ರೆ ಒಳ್ಳೇದು. ಆಟೋದಲ್ಲಿ ಹೋಗೋಣ.”